ಫ್ಲೂ ಔಷಧದಿಂದ ಮಗು ಬಡಬಡಿಸುತ್ತದೆಯೇ?

ಪ್ರಶ್ನೆ: ಎಂಟು ವರ್ಷದ ಮಗನಿಗೆ ಫ್ಲೂ. ಡಾಕ್ಟರು ಒಸೆಲ್ಟಾಮಿವಿರ್ ಬರೆದುಕೊಟ್ಟರು. ಅದೇ ರಾತ್ರಿ ಎದ್ದು ಕೂತು, ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಅಂತ ಕಿರುಚಿದ. ಔಷಧ ನಿಲ್ಲಿಸಿಬಿಡಲೇ?

ಫ್ಲೂ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಮಗುವಿನ ವಯಸ್ಸು ಬದಲಾಗುತ್ತದೆ, ಗೋಡೆಯ ಹುಳ ಒಮ್ಮೊಮ್ಮೆ ಹಾವಾಗುತ್ತದೆ. ನನ್ನ ಉತ್ತರ ಮಾತ್ರ ಅದೇ: ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಆ ಹುಳಗಳನ್ನು ಕರೆತಂದದ್ದು ಬಹುಮಟ್ಟಿಗೆ ಫ್ಲೂ, ಔಷಧವಲ್ಲ.

'ಇಲ್ಲ, ಔಷಧ ಕುಡಿಸಿದ ಮೇಲೇ ಶುರುವಾಗಿದ್ದು' ಎನ್ನುತ್ತೀರಿ. ಒಪ್ಪಿದೆ. ಆದರೆ ಔಷಧ ಶುರು ಮಾಡುವುದು ಯಾವಾಗ? ಜ್ವರದ ಮೊದಲ ಎರಡು ದಿನದೊಳಗೆ, ಏಕೆಂದರೆ ಅದು ಚೆನ್ನಾಗಿ ಕೆಲಸ ಮಾಡುವುದೇ ಆಗ. ಮಕ್ಕಳು ಬಡಬಡಿಸುವುದು ಯಾವಾಗ? ಹೆಚ್ಚಾಗಿ ಅದೇ ಎರಡು ದಿನಗಳಲ್ಲಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು.

ಈ ಗುಮಾನಿ ಹರಡಿದ್ದು ಜಪಾನಿನಿಂದ. ಔಷಧ ತೆಗೆದುಕೊಂಡ ಹದಿಹರೆಯದವರು ಕಟ್ಟಡಗಳಿಂದ ಬಿದ್ದ ಸುದ್ದಿಗಳು ಬಂದಾಗ, 2007ರಲ್ಲಿ ಅಲ್ಲಿನ ಸರ್ಕಾರ 10ರಿಂದ 19 ವರ್ಷದವರಿಗೆ ಸಾಮಾನ್ಯವಾಗಿ ಅದನ್ನು ಕೊಡಬೇಡಿ ಎಂದಿತು. ಕತೆಯ ಇಷ್ಟು ಭಾಗ ಎಲ್ಲರಿಗೂ ಗೊತ್ತು. ಮುಂದಿನದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬೇರೆ ಔಷಧ ತೆಗೆದುಕೊಂಡ ಮಕ್ಕಳೂ, ಏನೂ ತೆಗೆದುಕೊಳ್ಳದ ಮಕ್ಕಳೂ ಹಾಗೇ ಎದ್ದು ಓಡುತ್ತಿದ್ದರು. 2018ರಲ್ಲಿ ಆ ನಿರ್ಬಂಧ ತೆಗೆದರು. ಔಷಧ ಕೊಡಿ, ಬಿಡಿ, ಮೊದಲ ಎರಡು ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಕಿಟಕಿ ಬಾಗಿಲು ಭದ್ರಪಡಿಸಿ ಎಂಬ ಸಲಹೆ ಮಾತ್ರ ಉಳಿಯಿತು.

ಇನ್ನೂ ಹಿಂದೆ ಹೋಗಿ. ಒಸೆಲ್ಟಾಮಿವಿರ್ ಬಳಕೆಗೆ ಬಂದದ್ದು 1999ರಲ್ಲಿ. ಫ್ಲೂ ಜೊತೆ ಬರುವ ಮಿದುಳಿನ ತೀವ್ರ ತೊಂದರೆಯೊಂದನ್ನು, ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗ ಎರಡೂ ಬದಿಯಲ್ಲಿ ಹಾಳಾಗುವ ಬಗೆಯನ್ನು, ಜಪಾನಿನ ಮಿಜುಗುಚಿ ಮತ್ತು ಸಂಗಡಿಗರು ವಿವರಿಸಿದ್ದು 1995ರಲ್ಲಿ. ಹುಟ್ಟದೇ ಇದ್ದ ಔಷಧದ ಮೇಲೆ ತಪ್ಪು ಹೊರಿಸುವುದು ಹೇಗೆ?

ಹಾಗಾದರೆ ಔಷಧದ ಜೊತೆಗಿನ ಚೀಟಿಯಲ್ಲಿ ಎಚ್ಚರಿಕೆ ಯಾಕಿದೆ? ಇದೆ, ನಿಜ. ಇಂಥದ್ದು ಫ್ಲೂನಿಂದಲೂ ಆಗಬಹುದು ಎಂದು ಅದೇ ಚೀಟಿ ಹೇಳುತ್ತದೆ, ಅಷ್ಟು ದೂರ ಓದುವವರಿಲ್ಲ. ಅನುಮಾನ ಪರಿಹಾರಕ್ಕೆ ದಾರಿ ಒಂದೇ: ಫ್ಲೂ ಬಂದು ಔಷಧ ತೆಗೆದುಕೊಂಡ ಮಕ್ಕಳನ್ನು, ಫ್ಲೂ ಬಂದೂ ತೆಗೆದುಕೊಳ್ಳದ ಮಕ್ಕಳ ಪಕ್ಕದಲ್ಲಿಟ್ಟು ನೋಡುವುದು. ಅಮೆರಿಕದ ಟೆನೆಸಿಯಲ್ಲಿ ಸುಮಾರು 7 ಲಕ್ಷ ಮಕ್ಕಳ ದಾಖಲೆ ಹಿಡಿದು ಹಾಗೇ ನೋಡಿದರು; 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ಫಿಟ್ಸ್, ಮಿದುಳಿನ ಉರಿಯೂತ, ಭ್ರಮೆಯಂಥ ಗಂಭೀರ ತೊಂದರೆಗಳು ಔಷಧ ಪಡೆದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟಿದ್ದವು. ಈ ಔಷಧದ ನಿಜವಾದ ಕಾಟ ವಾಂತಿ. ಅದರ ಬಗ್ಗೆ ಯಾರೂ ನನಗೆ ಬರೆಯುವುದಿಲ್ಲ.

ಬಡಬಡಿಕೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನದು; ನಿದ್ದೆಗಣ್ಣಿನಲ್ಲಿ ಶುರುವಾಗಿ, ಪೂರ್ತಿ ಎಚ್ಚರವಾದರೆ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ, ಮಗು ನಿಮ್ಮನ್ನು ಗುರುತಿಸದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ 5 ನಿಮಿಷ ದಾಟಿದರೆ ಅಥವಾ ಮತ್ತೆ ಬಂದರೆ ನನ್ನ ಉತ್ತರ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಇನ್ನು ಯಾರೂ ಕೇಳದ ಪ್ರಶ್ನೆ: ಜ್ವರಕ್ಕೆ ಯಾವ ಔಷಧ ಕೊಡಬಾರದು? ಹೀಗೆ ಪಕ್ಕದಲ್ಲಿಟ್ಟು ನೋಡಿದಾಗ ಸಿಕ್ಕಿಬಿದ್ದ ಔಷಧವೂ ಒಂದಿದೆ: ಆಸ್ಪಿರಿನ್. ಫ್ಲೂ ಅಥವಾ ಸಿಡುಬಿನಂಥ ಗುಳ್ಳೆಯೇಳುವ ಚಿಕನ್‌ಪಾಕ್ಸ್ ಇದ್ದಾಗ ಆಸ್ಪಿರಿನ್ ಪಡೆದ ಮಕ್ಕಳಲ್ಲಿ, ಮಿದುಳು ಊದಿಕೊಂಡು ಪಿತ್ತಜನಕಾಂಗ ಕೆಡುವ ರೈ ಸಿಂಡ್ರೋಮ್ ಹೆಚ್ಚಾಗಿತ್ತು. 1980ರಲ್ಲಿ ಅಮೆರಿಕದಲ್ಲಿ 555 ಪ್ರಕರಣಗಳಿದ್ದವು. ಎಚ್ಚರಿಕೆ ಹರಡಿ ಜನ ಆಸ್ಪಿರಿನ್ ಬಿಟ್ಟ ಮೇಲೆ ಅದು ವರ್ಷಕ್ಕೆ ಬೆರಳೆಣಿಕೆಗೆ ಇಳಿಯಿತು. ಹಾಗಾಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ. ಲೇಬಲ್ಲಿನಲ್ಲಿ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ ಎಂದಿದ್ದರೆ ಅದೂ ಆಸ್ಪಿರಿನ್ನೇ. ಮಕ್ಕಳ ರಕ್ತನಾಳಗಳಲ್ಲಿ ಉರಿಯೂತ ತರುವ ಕವಾಸಾಕಿ ಕಾಯಿಲೆಗೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವ ಮಗುವಾದರೆ, ಅದನ್ನೂ ನೀವಾಗಿ ನಿಲ್ಲಿಸಬೇಡಿ. ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿ, ಜ್ವರ ಕಂಡ ದಿನವೇ ಡಾಕ್ಟರಿಗೆ ತಿಳಿಸಿ.