ನಿಯಮದ ಮಾತು ಮತ್ತು ಅದರ ನಡೆ

ಸಂವಿಧಾನ ಮತ್ತು ಆಡಳಿತ ಕಾನೂನಿನ ವಕೀಲರ ಕಚೇರಿಯಲ್ಲಿ ಪದೇ ಪದೇ ಕೇಳಿಬರುವ ಮಾತೆಂದರೆ ‘ಯಾರು ಬಂದರೂ ಅಷ್ಟೇ’ ಎಂಬುದು. ಧರ್ಮದ ಕಾರಣಕ್ಕೆ ತಮಗೆ ಅನ್ಯಾಯವಾಗಿದೆಯೆಂದು ಬರುವವರೂ, ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ನೋಡಿ ರಾಜಕೀಯವೇ ಬೇಡವೆನಿಸಿದವರೂ ಇದನ್ನೇ ಹೇಳುತ್ತಾರೆ. ಅವರ ಬೇಸರಕ್ಕೆ ಕಾರಣವಿದೆ. ಆದರೆ ಆ ಬೇಸರವೆಲ್ಲ ನಾಯಕರ ಭಾಷಣಗಳ ಮೇಲೆ ನೆಟ್ಟಿರುತ್ತದೆ. ಪೂರ್ವಗ್ರಹ ಆಡಳಿತದೊಳಗೆ ನೆಲೆಯೂರುವುದು ಹೆಚ್ಚಾಗಿ ಯಾರೂ ಓದದ ನಿಯಮಾವಳಿ, ಅರ್ಜಿ ನಮೂನೆ, ಪ್ರಮಾಣವಚನಗಳಲ್ಲಿ.

ಬ್ರಿಟನ್ನಿನ ಸಂಸತ್ತಿನ ಒಂದು ಪ್ರಸಂಗವನ್ನು ನೋಡೋಣ. 1847ರಲ್ಲಿ ಲಯೊನೆಲ್ ಡಿ ರಾಥ್‌ಚೈಲ್ಡ್ ಲಂಡನ್ ನಗರದಿಂದ ಕೆಳಮನೆಗೆ ಚುನಾಯಿತರಾದರು. ಅವರು ಯಹೂದಿ. ಅವರನ್ನು ಹನ್ನೊಂದು ವರ್ಷ ಹೊರಗೆ ನಿಲ್ಲಿಸಿದ್ದು ಸದಸ್ಯರು ಸ್ವೀಕರಿಸಬೇಕಾಗಿದ್ದ ಪ್ರಮಾಣವಚನದ ಕೊನೆಯ ಕೆಲವೇ ಪದಗಳು. ‘ಕ್ರೈಸ್ತನೊಬ್ಬನ ನಿಜವಾದ ನಂಬಿಕೆಯ ಮೇಲೆ’ ಎಂದು ಹೇಳದೆ ಯಾರೂ ಆಸನದಲ್ಲಿ ಕೂರುವಂತಿರಲಿಲ್ಲ. ಮತದಾರರು ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದರು, ಪದಗಳನ್ನು ಬದಲಿಸುವ ಮಸೂದೆಗೆ ಕೆಳಮನೆ ಒಪ್ಪಿಗೆ ಕೊಟ್ಟಿತು, ಮೇಲ್ಮನೆ ಅದನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಪ್ರತಿ ಮನೆಯೂ ತನ್ನ ಪ್ರಮಾಣದ ರೀತಿಯನ್ನು ತಾನೇ ತೀರ್ಮಾನಿಸಬಹುದೆಂಬ ರಾಜಿಯಾದ ಮೇಲೆ, 1858ರಲ್ಲಿ ಅವರು ಒಳಗೆ ಬಂದರು. ನಾಸ್ತಿಕರಾಗಿದ್ದ ಚಾರ್ಲ್ಸ್ ಬ್ರ್ಯಾಡ್ಲಾ ಅವರ ಪಾಡೂ ಹೀಗೆಯೇ ಆಯಿತು: 1880ರಲ್ಲಿ ಗೆದ್ದವರು ನೆಮ್ಮದಿಯಾಗಿ ಆಸನ ಪಡೆದದ್ದು 1886ರಲ್ಲಿ. ಈ ಎರಡೂ ಪ್ರಕರಣಗಳಲ್ಲಿ ವ್ಯಕ್ತಿಯ ಮೇಲೆ ದ್ವೇಷ ಕಾರುವ ಅಗತ್ಯವೇ ಯಾರಿಗೂ ಬೀಳಲಿಲ್ಲ; ಕ್ರಮಬದ್ಧತೆಯ ಮಾತನ್ನಾಡಿದ್ದರೆ ಸಾಕಾಗಿತ್ತು.

ಹಾಗಾದರೆ ಧರ್ಮದಿಂದ ಪ್ರೇರಿತವಾದ ನಿಯಮವೆಲ್ಲ ಅಕ್ರಮವೇ? ಹಾಗೆ ಹೇಳಲಾಗದು. ನಂಬುವವರು ತಮ್ಮ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಮತಗಟ್ಟೆಗೆ ಬರಬೇಕೆಂದು ಪ್ರಜಾಪ್ರಭುತ್ವ ಕೇಳುವುದಿಲ್ಲ. ಆ ನಂಬಿಕೆಯಿಲ್ಲದವನೂ ಒಪ್ಪಬಹುದಾದ ಕಾರಣವೊಂದು ನಿಯಮಕ್ಕೆ ಇದೆಯೇ ಎಂಬುದೇ ಸಾಮಾನ್ಯವಾಗಿ ನಾವು ಹಿಡಿಯುವ ಅಳತೆಗೋಲು. ಕೇಳಲು ಸುಲಭವಾದರೂ ನ್ಯಾಯಾಲಯದಲ್ಲಿ ಇದು ಸುಲಭವಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1961ರಲ್ಲಿ, ನೋಟರಿ ಹುದ್ದೆಗೆ ದೇವರಲ್ಲಿ ನಂಬಿಕೆಯ ಘೋಷಣೆಯನ್ನು ಕೇಳುತ್ತಿದ್ದ ಮೇರಿಲ್ಯಾಂಡ್ ರಾಜ್ಯದ ನಿಯಮವನ್ನು ರದ್ದುಪಡಿಸಿತು. ಅದೇ ವರ್ಷ ಅದೇ ನ್ಯಾಯಾಲಯ ಭಾನುವಾರ ಅಂಗಡಿ ಮುಚ್ಚಬೇಕೆಂಬ ಕಾನೂನುಗಳನ್ನು, ಅವು ಈಗ ಎಲ್ಲರಿಗೂ ಸಲ್ಲುವ ವಿಶ್ರಾಂತಿಯ ದಿನದ ಕಾನೂನುಗಳೆಂದು, ಎತ್ತಿಹಿಡಿಯಿತು. ಕಾರಣ ಲೌಕಿಕವಾದದ್ದೇ ಇರಬಹುದು; ಆದರೆ ಶನಿವಾರ ತನ್ನ ಧರ್ಮಕ್ಕಾಗಿ ಅಂಗಡಿ ಮುಚ್ಚುವ ಯಹೂದಿ ವ್ಯಾಪಾರಿ ವಾರಕ್ಕೆ ಎರಡು ದಿನದ ವ್ಯಾಪಾರವನ್ನು ಕಳೆದುಕೊಳ್ಳುತ್ತಾನೆ, ಅವನ ನೆರೆಯವನು ಒಂದೇ ದಿನದ್ದು. ಆ ವ್ಯಾಪಾರಿಗಳ ಮೊಕದ್ದಮೆಯೂ ಬಿದ್ದುಹೋಯಿತು. ಆ ತೀರ್ಪು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಚುನಾವಣಾ ಭಾಷಣಗಳನ್ನು ಕಾನೂನು ಮುಟ್ಟುವುದೇ ಇಲ್ಲ ಎಂಬುದೂ ಸರಿಯಲ್ಲ. ಭಾರತದಲ್ಲಿ 1951ರ ಜನಪ್ರಾತಿನಿಧ್ಯ ಕಾಯ್ದೆ ಧರ್ಮದ ಆಧಾರದಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆಯೆಂದು ಕರೆದಿದೆ. ಅಭ್ಯರ್ಥಿಯ ಧರ್ಮದ ಜೊತೆಗೆ ಮತದಾರನ ಧರ್ಮವೂ ಈ ನಿಷೇಧದೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ 4:3ರ ಬಹುಮತದಿಂದ ಹೇಳಿತು. ಆ ಪ್ರಕರಣ ಹುಟ್ಟಿದ್ದು 1990ರ ಚುನಾವಣೆಯಲ್ಲಿ. ಇಷ್ಟು ತಡವಾಗಿ ಬರುವ ಉತ್ತರವನ್ನು ನಂಬಿ ಕೂರಿ ಎಂದು ಕಕ್ಷಿದಾರರಿಗೆ ಹೇಳುವುದು ನನಗೂ ಕಷ್ಟ.

ಆದರೂ ಹಿಂದೆ ಸರಿಯುವುದರ ಪರಿಣಾಮವನ್ನು ಅವರಿಗೆ ವಿವರಿಸುತ್ತೇನೆ. ಜಿಗುಪ್ಸೆಗೊಂಡವರು ಮನೆಯಲ್ಲಿ ಕುಳಿತಾಗ, ಶಿಸ್ತಿನಿಂದ ಸಂಘಟಿತವಾದ ಗುಂಪಿನ ಮತಗಳ ತೂಕ ತಾನಾಗಿಯೇ ಏರುತ್ತದೆ. ಆ ಗುಂಪು ಧಾರ್ಮಿಕವಾದದ್ದಾದರೂ ಲೆಕ್ಕ ಅದೇ. ಕ್ಯಾಥೊಲಿಕರೇ ಬಹುಸಂಖ್ಯಾತರಾಗಿರುವ ಐರ್ಲೆಂಡಿನ 1937ರ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತ್ತು. 1986ರ ಜನಮತಗಣನೆಯಲ್ಲಿ ನಿಷೇಧವೇ ಗೆದ್ದಿತು. 1995ರಲ್ಲಿ ಅದು ತೆರವಾದದ್ದು ಹದಿನಾರು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಕೇವಲ 9,114 ಮತಗಳ ಅಂತರದಿಂದ, ಮತ್ತು ಆ ದಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೆ ಬಂದೇ ಇರಲಿಲ್ಲ.

ಚುನಾವಣೆಗಳ ನಡುವೆ ಮಾಡಬಹುದಾದ ಕೆಲಸ ಇನ್ನೂ ಸಣ್ಣದು. ಅರ್ಜಿಯನ್ನು ಬಾಯಿಮಾತಿನಲ್ಲಿ ನಿರಾಕರಿಸಿದರೆ ಒಪ್ಪದೆ, ಕಾರಣ ಬರೆದ ಆದೇಶವನ್ನೇ ಕೇಳಬೇಕು. ನಿಮ್ಮಂತೆಯೇ ಅರ್ಜಿ ಹಾಕಿದ ಇತರರಿಗೆ ಏನು ಸಿಕ್ಕಿತೆಂಬುದನ್ನೂ ಕಲೆಹಾಕಬೇಕು. ನಿಯಮದ ಭಾಷೆ ನಿರ್ಮಲವಾಗಿದ್ದಾಗ ಅದರ ಜಾರಿಯಲ್ಲಿರುವ ಪೂರ್ವಗ್ರಹವನ್ನು ತೋರಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅಪರೂಪ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಅನುಮತಿ ಪಡೆಯಬೇಕೆಂಬ ನಿಯಮವಿತ್ತು. ಅದರಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಸುಮಾರು 200 ಚೀನೀಯರ ಅರ್ಜಿಗಳು ತಿರಸ್ಕೃತವಾಗಿದ್ದವು, ಚೀನೀಯರಲ್ಲದ ಸುಮಾರು 80 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಅನುಮತಿ ಸಿಕ್ಕಿತ್ತು. 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಜೈಲು ಸೇರಿದ್ದ ಚೀನೀ ಅಂಗಡಿಯವರ ಬಿಡುಗಡೆಗೆ ಆದೇಶಿಸುವಾಗ ಮುಂದಿಟ್ಟುಕೊಂಡದ್ದು ಈ ಲೆಕ್ಕವನ್ನೇ.