ಎರಡನೇ ಕೆಲಸ ಎಲ್ಲಿದೆ?

ಮಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಕಳೆದ ತಿಂಗಳು ಎದುರಿಗೆ ಕೂತಿದ್ದವರು ಪುತ್ತೂರಿನವರು. ಬೆಂಗಳೂರಿನಲ್ಲಿ ಒಂಬತ್ತು ವರ್ಷದ ಅನುಭವ. ಊರಲ್ಲಿ ಅಮ್ಮ ಒಬ್ಬರೇ. ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು ಬರುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ.

ಸಂಬಳ ಸ್ವಲ್ಪ ಕಡಿಮೆ ಅಂದಾಗ ಅವರ ಮುಖ ಬಾಡಲಿಲ್ಲ. ಫೈಲಿನ ಮೂಲೆ ಮಡಚುತ್ತಾ, ಬಿಡಿಸುತ್ತಾ ಕೇಳಿದರು: “ಮೇಡಂ, ನಾಳೆ ಇಲ್ಲಿ ಸರಿ ಹೋಗಲಿಲ್ಲ ಅಂದ್ರೆ ಈ ಊರಲ್ಲೇ ಇನ್ನೆಲ್ಲಿಗೆ ಹೋಗಲಿ? ನನ್ನ ಮಿಸೆಸ್ ಕೂಡ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾರೆ. ಅವರಿಗೆ?”

ಬೆಂಗಳೂರಿನ ಆಚೆಗೂ ಐಟಿ ಬೆಳೆಯಬೇಕು ಅನ್ನುವ ಮಾತು ಬಂದಾಗೆಲ್ಲ ನನಗೆ ಈ ಪ್ರಶ್ನೆಯೇ ನೆನಪಾಗುತ್ತದೆ. ಬಾಡಿಗೆ ಕಡಿಮೆ, ಟ್ರಾಫಿಕ್ ಕಡಿಮೆ, ಜನ ಬೇಗ ಕೆಲಸ ಬಿಡುವುದಿಲ್ಲ. ಕಂಪನಿಗಳನ್ನು ಕರೆಯುವಾಗ ನಾವು ಹೇಳುವುದು ಇಷ್ಟೇ. ಆ ಕೊನೆಯ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಯಾಕೆ ಬಿಡುವುದಿಲ್ಲ? ಹೋಗಲು ಬೇರೆ ಜಾಗ ಇಲ್ಲ, ಅಲ್ವಾ? ಅದೇ ಕಾರಣಕ್ಕೆ ಅನುಭವ ಇರುವವರು ಬರುವುದೂ ಇಲ್ಲ.

ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಶುರುವಾಯಿತು. ಆಗ ಅದು ಆ್ಯಪಲ್ ಮ್ಯಾಕ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಸಣ್ಣ ಕಂಪನಿ. ಅದರದೇ ಬಳಗದಿಂದ 2008ರಲ್ಲಿ ಗೇಮ್ ತಯಾರಿಸುವ 99ಗೇಮ್ಸ್ ಹುಟ್ಟಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಸುಮಾರು 805 ಕೋಟಿ ರೂಪಾಯಿಗೆ ರೋಬೋಸಾಫ್ಟನ್ನು ಕೊಂಡಾಗ ಎಲ್ಲರೂ ಆ ಮೊತ್ತದ ಬಗ್ಗೆ ಮಾತಾಡಿದರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು 99ಗೇಮ್ಸ್‌ನಿಂದ ಅದೇ ಊರಲ್ಲಿ ಕೆಲಸಕ್ಕೆ ಎರಡನೇ ಬಾಗಿಲು ತೆರೆದದ್ದು.

ಹಾಗಿರುವಾಗ ನಾವೇ ಬಾಗಿಲು ಹಾಕಿಕೊಳ್ಳುವುದನ್ನು ನೋಡಿದರೆ ಸಂಕಟ ಆಗುತ್ತದೆ. “ನಿಮ್ಮ ಹುಡುಗರನ್ನು ನಾವು ತಗೊಳ್ಳಲ್ಲ, ನಮ್ಮವರನ್ನು ನೀವು ತಗೊಳ್ಬೇಡಿ.” ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವ ಸಣ್ಣ ಊರಲ್ಲಿ ಇಂಥ ಬಾಯಿಮಾತಿನ ಒಪ್ಪಂದ ಸುಲಭ. ಆಫರ್ ಲೆಟರಿನಲ್ಲೂ ಒಂದು ಸಾಲು ಇರುತ್ತದೆ: ಕೆಲಸ ಬಿಟ್ಟ ಮೇಲೆ ಒಂದು ವರ್ಷ ಎದುರಾಳಿ ಕಂಪನಿ ಸೇರುವಂತಿಲ್ಲ. ಯಾರನ್ನೂ ಅವರ ವೃತ್ತಿ ಮಾಡದಂತೆ ತಡೆಯುವ ಕರಾರು ಊರ್ಜಿತವಲ್ಲ ಎನ್ನುವ, 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಈ ಸಾಲು ನಿಲ್ಲುವುದಿಲ್ಲ. ಆದರೂ ಓದಿ ಹೆದರುವವರೇ ಜಾಸ್ತಿ. ಆ ಸಾಲನ್ನು ತೆಗೆಸಿಬಿಡಿ ಎಂದು ನಾನು ಪ್ರತಿ ಕಂಪನಿಗೂ ಹೇಳುತ್ತೇನೆ. ನಿಮ್ಮಿಂದ ಹೋದವರು ಪಕ್ಕದ ಬೀದಿಯಲ್ಲೇ ಇದ್ದರೆ, ನಾಲ್ಕು ವರ್ಷ ಬಿಟ್ಟು ಇನ್ನಷ್ಟು ಕಲಿತು ನಿಮ್ಮಲ್ಲಿಗೇ ಬರಬಹುದು. ಬೆಂಗಳೂರಿಗೆ ಹೋದರೆ ಊರಿಗೇ ನಷ್ಟ.

ಸುರತ್ಕಲ್ ಕಾಲೇಜು, ಈಗಿನ ಎನ್‌ಐಟಿಕೆ, 1960ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ಓದು ಮುಗಿಸಿದ ಹುಡುಗರು, ಹುಡುಗಿಯರು ಮೊದಲ ಕೆಲಸಕ್ಕೆ ಬೆಂಗಳೂರಿಗೆ ಹೋಗಲಿ ಬಿಡಿ. ಸುಮ್ನೆ ತಡೆಯಬಾರದು. ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಊರು ನೆನಪಾಗುತ್ತದೆ. ಕರೆಯಬೇಕಾದದ್ದು ಆಗ.

ಪುತ್ತೂರಿನವರಿಗೆ ಒಂದು ಹಾಳೆಯಲ್ಲಿ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಅವರ ಕೆಲಸಕ್ಕೆ ಹೊಂದುವ ಕಂಪನಿಗಳ ಹೆಸರು ಬರೆದುಕೊಟ್ಟೆ. ಅವರಿಗೆ ಏಳು ಸಿಕ್ಕವು, ಅವರ ಮಿಸೆಸ್‌ಗೆ ನಾಲ್ಕು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬರುತ್ತಾರಂತೆ.