ಮುರುಗಲಿನ ದೂರದ ನಂಟು, ಪ್ರವಾಸಿಯ ಹೊಟ್ಟೆ

ಮಗಳ ಬಾಣಂತನಕ್ಕೆಂದು ಶಿರಸಿಯಿಂದ ವಿದೇಶಕ್ಕೆ ಹೊರಡುವ ತಾಯಂದಿರ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಮುರುಗಲ (ಪುನರ್ಪುಳಿ) ಒಣಸಿಪ್ಪೆಗಳ ಜೊತೆಗೆ, ಪ್ರವಾಸದಲ್ಲಿ ಹೊಟ್ಟೆ ಕೆಡದಿರಲೆಂದು ಈಚೆಗೆ ಪ್ರೊಬಯಾಟಿಕ್ (ಜೀವಂತ ಸೂಕ್ಷ್ಮಾಣುಗಳ) ಗುಳಿಗೆಗಳೂ ಸೇರಿಕೊಳ್ಳುತ್ತಿವೆ. ಆ ಗುಳಿಗೆಗಳಲ್ಲೊಂದಕ್ಕೆ ಮುರುಗಲಿನೊಡನೆ ದೂರದ ನಂಟಿದೆ. 1920ರ ದಶಕದಲ್ಲಿ ಕಾಲರಾ ಹರಡಿದ್ದ ಇಂಡೋಚೀನಾದಲ್ಲಿ, ಲಿಚಿ ಮತ್ತು ಮ್ಯಾಂಗೊಸ್ಟೀನ್ ಸಿಪ್ಪೆಯ ಕಷಾಯವನ್ನು ಜನರು ಭೇದಿಗೆ ಮದ್ದಾಗಿ ಕುಡಿಯುತ್ತಿದ್ದುದನ್ನು ಗಮನಿಸಿದ ಫ್ರೆಂಚ್ ವಿಜ್ಞಾನಿ ಆನ್ರಿ ಬುಲಾರ್, ಆ ಹಣ್ಣುಗಳಿಂದ ಒಂದು ಯೀಸ್ಟನ್ನು ಬೇರ್ಪಡಿಸಿದರು. ಅದೇ ಸ್ಯಾಕರೋಮೈಸಿಸ್ ಬುಲಾರ್ಡಿ. ಮ್ಯಾಂಗೊಸ್ಟೀನ್ ಮತ್ತು ಮುರುಗಲು ಎರಡೂ ಗಾರ್ಸಿನಿಯಾ ಕುಲದ ಮರಗಳು. (ಹಾಗೆಂದು ಮುರುಗಲ ಪಾನಕವನ್ನೇ ಪ್ರೊಬಯಾಟಿಕ್ ಎಂದುಕೊಳ್ಳುವಂತಿಲ್ಲ.) ಯೀಸ್ಟ್ ಶಿಲೀಂಧ್ರವಾದ್ದರಿಂದ, ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆ್ಯಂಟಿಬಯಾಟಿಕ್ ಅದನ್ನು ಮುಟ್ಟದು.

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನವಾಗುವ ಜೀವಂತ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್ ಎಂಬುದು 2001ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆ. 'ಜೀವಂತ' ಎಂಬ ಒಂದೇ ಪದದಿಂದ ಕುದಿಸಿದ ಮಜ್ಜಿಗೆಹುಳಿ ಪಟ್ಟಿಯಿಂದ ಹೊರಬೀಳುತ್ತದೆ. ಹಸಿ ಮಜ್ಜಿಗೆಯ ತಂಬುಳಿಯಲ್ಲಿ ಸೂಕ್ಷ್ಮಾಣುಗಳು ಜೀವಂತವಾಗಿದ್ದರೂ ಅವು ಯಾವ ತಳಿಯವು, ಜಠರದ ಆಮ್ಲವನ್ನು ದಾಟಿ ಎಷ್ಟು ಉಳಿಯುತ್ತವೆ ಎಂಬುದನ್ನು ಯಾರೂ ಅಳೆದು ಬಡಿಸುವುದಿಲ್ಲ. ಊಟಕ್ಕೆ ಅದು ಒಳ್ಳೆಯದೇ, ಆದರೆ ಔಷಧವೆನ್ನಲಾಗದು.

ಪ್ರವಾಸಿಗರ ಭೇದಿಗೆ ಮುಖ್ಯ ಕಾರಣ, ಕಲುಷಿತ ನೀರು ಮತ್ತು ಆಹಾರದ ಮೂಲಕ ಹೊಟ್ಟೆ ಸೇರುವ, ವಿಷ ಸ್ರವಿಸುವ ಇ. ಕೋಲಿ ಬ್ಯಾಕ್ಟೀರಿಯ. ಶಿರಸಿಯಿಂದ ಅಮೆರಿಕಕ್ಕೆ ಹೋಗುವ ಅಜ್ಜಿಗಿಂತ, ರಜೆಗೆ ಅಲ್ಲಿಂದ ಇಲ್ಲಿಗೆ ಬರುವ ಮೊಮ್ಮಕ್ಕಳಿಗೇ ಇದರ ಅಪಾಯ ಹೆಚ್ಚು. ಇದನ್ನು ತಡೆಯಲು ಪ್ರೊಬಯಾಟಿಕ್ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆಂದು ಪ್ರವಾಸಿ ವೈದ್ಯಕೀಯದ ಅಂತರರಾಷ್ಟ್ರೀಯ ತಜ್ಞರ ತಂಡ 2017ರಲ್ಲಿ ಹೇಳಿತು. ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಇವೇ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರಿ ಸೋಂಕು ತರುವುದೂ ಉಂಟು. ಅಂಥವರು ವೈದ್ಯರನ್ನು ಕೇಳದೆ ನುಂಗಬಾರದು.

ಚೀಲದಲ್ಲಿ ಒಂದಕ್ಕೇ ಜಾಗವಿದ್ದರೆ ನಾನು ಓಆರ್‌ಎಸ್ ಪುಡಿಯನ್ನೇ (ಭೇದಿಯಾದಾಗ ನೀರಿನಲ್ಲಿ ಕರಗಿಸಿ ಕುಡಿಯುವ ಗ್ಲೂಕೋಸ್ ಮತ್ತು ಲವಣಗಳ ಮಿಶ್ರಣ) ಇಡುತ್ತೇನೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗುವಾಗ ಸೋಡಿಯಂ ಅನ್ನೂ ಜೊತೆಗೆ ಒಯ್ಯುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ, ಇ. ಕೋಲಿಯ ವಿಷ ಕರುಳಿನಿಂದ ನೀರನ್ನು ಹೊರಸುರಿಸುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಆದರೆ ಪೊಟ್ಟಣದ ಮೇಲೆ 200 ಮಿ.ಲೀ. ಎಂದಿದೆಯೋ ಒಂದು ಲೀಟರ್ ಎಂದಿದೆಯೋ ಎಂಬುದನ್ನು ಓದಿಯೇ ಕರಗಿಸಬೇಕು. ಲೀಟರಿನ ಪುಡಿಯನ್ನು ಒಂದೇ ಲೋಟಕ್ಕೆ ಸುರಿದರೆ, ಆ ಗಟ್ಟಿ ದ್ರಾವಣವೇ ಮೈಯೊಳಗಿನ ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.